ವ್ಯಾನಿನ ಕಟಕಟ

ಆ ಏಳು ಸೀಟಿನ ಹಳೆಯ ವ್ಯಾನಿನ ರೋಗಗಳಲ್ಲಿ ಹೆಸರಿಲ್ಲದ್ದು ಒಂದೇ, ಹಿಂಬದಿಯಿಂದ ಬರುವ ಸದ್ದು. ಕಟ್, ಕಟ್, ಸ್ವಲ್ಪ ಬಿಡುವು, ಆಮೇಲೆ ಕಡಾಲ್. ಉಳಿದ ರೋಗಗಳಿಗೆಲ್ಲ ಹೆಸರೂ ಇತ್ತು, ಬಿಲ್ಲೂ ಇತ್ತು. ರೇಡಿಯೇಟರ್ ಸೋರಿತು, ಬದಲಾಯಿಸಿದ್ದಾಯಿತು. ಎರಡನೇ ಗೇರಿಗೆ ಬಂದರೆ ಎಡವಿದ ಎತ್ತಿನಂತೆ ಮುಗ್ಗರಿಸುತ್ತಿತ್ತು, ಕ್ಲಚ್ ಹೊಸದಾಯಿತು. ಪಕ್ಕಕ್ಕೆ ಜಾರುವ ಬಾಗಿಲು ತೆರೆದರೆ ಮುಚ್ಚುತ್ತಿರಲಿಲ್ಲ, ಮುಚ್ಚಿದರೆ ತೆರೆಯುತ್ತಿರಲಿಲ್ಲ. ಅದಕ್ಕೆ ರೋಲರ್ ಹಾಕಿಸಿದ ತಿಂಗಳು ಮನೆಯಲ್ಲಿ ಯಾರೂ ಹೊಸ ಚಪ್ಪಲಿಯ ಮಾತೆತ್ತಲಿಲ್ಲ. ಕಟಕಟ ಮಾತ್ರ ವ್ಯಾನು ಕೊಂಡ ವಾರದಿಂದಲೂ ಬಂದು ಉಳಿದ ನೆಂಟನಂತೆ ಹಾಗೇ ಇತ್ತು.

ಮೆಕ್ಯಾನಿಕ್ ಪ್ರತಿ ಸಲವೂ ಚಕ್ರವನ್ನೊಮ್ಮೆ ತಟ್ಟಿ, "ಬುಷ್ ಇರ್ಬೋದು, ಬೇರಿಂಗ್ ಇರ್ಬೋದು. ಬಿಚ್ಚಿ ನೋಡ್ಬೇಕು," ಎನ್ನುತ್ತಿದ್ದ.

"ಬಿಚ್ಚಿದ್ರೆ ಗೊತ್ತಾಗುತ್ತಾ?" ಎಂದು ವ್ಯಾನಿನ ಒಡೆಯ ಕೇಳುತ್ತಿದ್ದ.

"ಬಿಚ್ಚೋದಕ್ಕೊಂದು ರೇಟು, ನೋಡೋದಕ್ಕೊಂದು ರೇಟು. ಗೊತ್ತಾಗೋದು ದೇವರ ಕೈಲಿದೆ, ಅದಕ್ಕೆ ನಾನು ಕಾಸು ತಗೊಳ್ಳಲ್ಲ."

ಒಮ್ಮೆ ಅವನ ಮಾತು ಕೇಳಿ ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದಕ್ಕೆ ಸದ್ದು ಇನ್ನೂ ಸ್ಪಷ್ಟವಾಗಿ ಕೇಳತೊಡಗಿತು. ಕೊನೆಯ ಸಲ ಅವನು ಹೇಳಿದ ಖರ್ಚು ವ್ಯಾನಿನ ಬೆಲೆಯನ್ನೇ ದಾಟಿತ್ತು. ಮೂಗಿಗಿಂತ ಮೂಗುತಿ ಭಾರ. ವ್ಯಾನನ್ನು ಮಾರುವುದೆಂದು ತೀರ್ಮಾನವಾಯಿತು.

ತೀರ್ಮಾನ ಹೆಂಡತಿಯದು. ವ್ಯಾನು ನಿಲ್ಲುವ ಶೆಡ್ಡಿನಲ್ಲಿ ಅವಳು ಹೊಲಿಗೆ ಅಂಗಡಿ ತೆರೆಯಬೇಕೆಂದಿದ್ದಳು. ಎರಡು ಯಂತ್ರ, ಬಟ್ಟೆ ಕತ್ತರಿಸುವ ಒಂದು ಮೇಜು, ಎಲ್ಲಾ ಸೋಮವಾರ ಬೆಳಿಗ್ಗೆ ಬರುವುದಿತ್ತು. ಅವುಗಳ ದುಡ್ಡೂ ವ್ಯಾನಿನಿಂದಲೇ ಹುಟ್ಟಬೇಕು, ಜಾಗವೂ ವ್ಯಾನಿನಿಂದಲೇ ಆಗಬೇಕು. ಪುಣ್ಯಕ್ಕೆ ಭಾನುವಾರ ಸಂಜೆ ಬಂದು ನೋಡುತ್ತೇನೆಂದು ಒಬ್ಬರು ಫೋನು ಮಾಡಿದ್ದರು.

"ರೀ, ಸಂಜೆಯೊಳಗೆ ಶೆಡ್ಡು ಖಾಲಿ ಆಗ್ಬೇಕು. ಇಲ್ದಿದ್ರೆ ಮೆಷಿನ್ನು ನಿಮ್ಮ ಮಂಚದ ಮೇಲೆ ಇಡಿಸ್ತೀನಿ. ನೀವು ವ್ಯಾನಲ್ಲೇ ಮಲ್ಕೊಳ್ಳಿ," ಎಂದಳು ಅವಳು.

ಗಂಡ ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ನಳಿಗೆಗಳನ್ನು ತೊಳೆದಿಡುವ ಸಹಾಯಕ. ಬೀದಿಯವರು ಪ್ರೀತಿಯಿಂದ "ಮೇಷ್ಟ್ರೇ" ಎನ್ನುತ್ತಿದ್ದರು. ಹಾಗೆ ಕರೆಸಿಕೊಂಡಾಗಲೆಲ್ಲ ಅವನಿಗೆ ಸುಳ್ಳು ಸಾಕ್ಷಿ ಹೇಳಿ ಬಂದಷ್ಟು ಸಂಕೋಚ. ಇಂಥವನು ಕಟಕಟ ಎನ್ನುವ ವ್ಯಾನನ್ನು ಒಳ್ಳೆಯದೆಂದು ಹೇಳಿ ಮಾರುವುದಾದರೂ ಹೇಗೆ? ಸದ್ದಿನ ಮೂಲವನ್ನು ತಾನೇ ಹುಡುಕಿಬಿಡೋಣವೆಂದು ಭಾನುವಾರ ಬೆಳಿಗ್ಗೆ ವ್ಯಾನಿನ ಅಡಿಗೆ ತೂರಿದ. ಕಾಲೆರಡು ಹೊರಗೆ ಕಂಡದ್ದೇ ತಡ, ಬೀದಿ ನೆರೆಯಿತು.

"ಯಾರ ಕಾಲಿದು? ಜೀವ ಇದ್ಯಾ?" ಎಂದು ಮೊದಲು ಬಂದವರು ಬಸ್ಸು ಓಡಿಸಿ ನಿವೃತ್ತರಾಗಿದ್ದ ಡ್ರೈವರ್ ಮಾವ. ವಿಷಯ ಕೇಳಿದ ಮೇಲೆ, "ನಲವತ್ತು ವರ್ಷ ಬಸ್ಸು ತುಳ್ದಿದೀನಿ. ಸದ್ದನ್ನ ಕೆಳಗೆ ಮಲಗಿ ಕೇಳ್ತಾರೇನಯ್ಯ? ಕೂತು ಕೇಳ್ಬೇಕು. ಬಾ," ಎಂದು ತಾವೇ ಸ್ಟೇರಿಂಗ್ ಹಿಡಿದರು.

ಒಂದು ಸುತ್ತು ಹೋದರು. ಕಟ್, ಕಟ್, ಕಡಾಲ್. "ಮುಂದಿನ ಚಕ್ರ," ಎಂದರು ಮಾವ.

"ಮುಂದಿಂದಲ್ಲ ಮಾವ, ಹಿಂದೆ," ಎಂದ ಹೆಂಡತಿಯ ತಮ್ಮ. ಅಷ್ಟರಲ್ಲಿ ಅವನೂ ಹತ್ತಿ ಮಧ್ಯದ ಸೀಟಿನಲ್ಲಿ ಕೂತಿದ್ದ. "ಭಾವ, ನನ್ನ ಬೆನ್ನಿಗೇ ಗುದ್ದಿದ ಹಾಗಾಯ್ತು!"

ಪಕ್ಕದ ಮನೆಯ ನರ್ಸಮ್ಮ ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡೇ ಬಂದರು. "ಎಲ್ರೂ ಸುಮ್ನಿರಿ. ಉಸಿರೂ ಆಡ್ಬೇಡಿ," ಎಂದು ವ್ಯಾನಿನ ನೆಲಕ್ಕೆ ಅದನ್ನು ಒತ್ತಿ ಕಣ್ಣು ಮುಚ್ಚಿದರು. ಮತ್ತೊಂದು ಸುತ್ತು. ಸದ್ದು ಮೊದಲಿಗಿಂತ ಕ್ಷೀಣವಾಗಿತ್ತು. "ಬಲಗಡೆ. ಕಫ ಕಟ್ಟಿದ ಹಾಗಿದೆ," ಎಂದರು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ವಾದ ನಡೆದಿರುವಾಗ ಮೂಲೆಯ ಬೇಕರಿಯವನು ಕೈಯ ಹಿಟ್ಟು ಕೊಡವಿಕೊಳ್ಳುತ್ತ ಬಂದ. ಆಳು ಅವನ ಒಲೆಯಷ್ಟೇ ಅಗಲ. "ನಂಗೂ ಒಂಚೂರು ಕೇಳ್ಸಿ," ಎಂದು ಹಿಂದಿನ ಸೀಟಿನಲ್ಲಿ ಕೂತ. ವ್ಯಾನು ನಿಟ್ಟುಸಿರು ಬಿಟ್ಟು ತಗ್ಗಿತು. ಮೂರನೆಯ ಸುತ್ತು ಹೊರಟರು.

ಸದ್ದೇ ಇಲ್ಲ.

"ನಿಂತೋಯ್ತು! ನಾನು ಕೂತ ಕೂಡ್ಲೇ ವಾಸಿ ಆಯ್ತು ನೋಡಿ!" ಎಂದ ಬೇಕರಿಯವನು.

ಪ್ರಯೋಗಾಲಯದವನು ಬೇಕರಿಯವನನ್ನು ಇಳಿಸಿ ಒಂದು ಸುತ್ತು ಹೊಡೆಸಿದ. ಕಡಾಲ್. ಹತ್ತಿಸಿ ಹೊಡೆಸಿದ. ಮೌನ. ನರ್ಸಮ್ಮನನ್ನು ಮಾತ್ರ ಇಳಿಸಿದರೆ ಗುಸುಗುಸು. ಕಾರಣ ಏನೆಂದು ಗೊತ್ತಾಗದಿದ್ದರೂ ನಿಯಮವೊಂದು ಸಿಕ್ಕಿತ್ತು: ಎಲ್ಲರೂ ಕೂತರೆ ಸದ್ದಿಲ್ಲ.

"ಇನ್ನೇನು ಮತ್ತೆ? ಸಂಜೆ ಅವರು ಓಡ್ಸಿ ನೋಡುವಾಗ ನಾವೆಲ್ಲಾ ಒಳಗೇ ಇರ್ತೀವಿ," ಎಂದರು ಡ್ರೈವರ್ ಮಾವ.

"ಅದು ಮೋಸ ಆಗಲ್ವಾ ಮಾವ?"

"ಮೋಸ ಹೇಗಾಗುತ್ತೆ? ನಾವೇನು ಸುಳ್ಳು ಹೇಳ್ತೀವಾ? ಸುಮ್ನೆ ಕೂತ್ಕೊತೀವಿ. ಕೂತ್ಕೊಳ್ಳೋಕೆ ಅಲ್ವಾ ಸೀಟಿರೋದು?"

ಇಡೀ ಮಧ್ಯಾಹ್ನ ಅವನದು ಅದೇ ತೊಳಲಾಟ. ಹೇಳಿಬಿಡಬೇಕೆಂದು ಒಮ್ಮೆ ಅನ್ನಿಸುವುದು. ಹೆಂಡತಿ ಗೋಡೆಗೆ ಹೊಸ ಸುಣ್ಣ ಬಳಿಯುತ್ತ ಗುನುಗುವುದು ಕೇಳಿದರೆ ಬಾಯಿ ಕಟ್ಟುವುದು.

ಸಂಜೆ ಬಂದವರು ದಪ್ಪ ಕನ್ನಡಕದ, ಸಣ್ಣಗೆ ನಗುವ ಹಿರಿಯರು. ಹೊರಗಿನಿಂದ ವ್ಯಾನನ್ನು ಸವರಿದರು. ಒಳಗೆ ಮೂವರು ಹಿಂದಿನ, ಮಧ್ಯದ ಸೀಟುಗಳಲ್ಲಿ ಗಟ್ಟಿಯಾಗಿ ಕೂತಿದ್ದರು. ಡ್ರೈವರ್ ಮಾವ ಸ್ಟೇರಿಂಗನ್ನು ಬಿಟ್ಟುಕೊಟ್ಟು ಅವರ ಜೊತೆ ಸೇರಿಕೊಂಡರು.

"ಇವರೆಲ್ಲಾ?"

"ನೆರೆಯವರು ಸಾರ್. ವ್ಯಾನು ಹೋಗುತ್ತೆ ಅಂತ ಸಂಕಟ. ಕೊನೇ ಸಲ ಒಂದು ಸುತ್ತು ಅಂದ್ರು," ಎಂದ ಅವನು.

ನರ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದು ಅವರದೇ ಸ್ವಂತ ಸೇರ್ಪಡೆ.

ಹಿರಿಯರು ಓಡಿಸಿದರು, ಇವನು ಪಕ್ಕದಲ್ಲಿ ಕೂತ. ಬೀದಿ ದಾಟಿತು, ಹಳ್ಳ ಬಂತು, ಉಬ್ಬು ಬಂತು. ಬೆಣ್ಣೆಯಲ್ಲಿ ಕೂದಲೆಳೆದಂತೆ ಹೋಯಿತು ವ್ಯಾನು. ಹಿಂದೆ ನಾಲ್ವರೂ ಉಸಿರು ಬಿಗಿಹಿಡಿದಿದ್ದರು. ಆದರೆ ಹಿರಿಯರ ಮುಖ ಯಾಕೋ ಹೋದಂತೆಲ್ಲ ಬಾಡುತ್ತ ಬಂತು. ಮನೆ ಮುಂದೆ ನಿಲ್ಲಿಸಿ ಅವರು ಮೆಲ್ಲಗೆ ಕೇಳಿದರು:

"ಸದ್ದೇ ಇಲ್ವಲ್ಲ?"

"ಇಲ್ಲ ಸಾರ್. ಒಂಚೂರೂ ಇಲ್ಲ."

"ಹಾಗಾದ್ರೆ ಸಿಕ್ತಾ? ಎಲ್ಲಿತ್ತು?"

"ಏನು ಸಾರ್?"

"ಅದೇ, ಕಟಕಟ." ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಈ ವ್ಯಾನು ಮೊದ್ಲು ನಂದೇ ಕಣಪ್ಪ. ದಲ್ಲಾಳಿ ಕೈಲಿ ಮಾರಿಸ್ದೆ. ಆದ್ರೆ ಆ ಸದ್ದು ಎಲ್ಲಿಂದ ಬರುತ್ತೆ ಅನ್ನೋದು ತಲೆಯಿಂದ ಹೋಗ್ಲೇ ಇಲ್ಲ. ಅಂಗಡಿ ಬೋರ್ಡಲ್ಲಿ ನಿಮ್ಮ ಜಾಹೀರಾತು ಕಂಡೆ, ವ್ಯಾನಿನ ನಂಬರ್ ಗುರುತು ಹತ್ತಿತು. ಕೇಳ್ಕೊಂಡು ಹೋಗೋಣ ಅಂತ ಬಂದೆ."

ಅವರ ಕಣ್ಣು ಕನ್ನಡಿಯೊಳಗಿನಿಂದ ಹಿಂದಿನ ಸೀಟುಗಳ ಮೇಲೆ ಹರಿಯಿತು. ಬೇಕರಿಯವನಲ್ಲಿ ನಿಂತಿತು. ಮುಖ ಅರಳಿತು.

"ಓಹೋ! ನಿಮ್ದೂ ಇದೇ ಉಪಾಯನಾ? ನಾನು ನಮ್ಮ ಅತ್ತೆ ಮನೆಯವರನ್ನ ಕೂರ್ಸಿದ್ದೆ."

ಅವನಿಗೆ ಕೊಂಡ ದಿನ ಕಣ್ಣಮುಂದೆ ಬಂತು. ಬಸ್ಸು ತಪ್ಪಿತೆಂದು ಹತ್ತಿ, ವ್ಯಾನನ್ನು ಹೊಗಳಿದ್ದೇ ಹೊಗಳಿದ್ದ ಆ ಭಾರಿ ಹೆಂಗಸರು!

"ಹಾಗಾದ್ರೆ ನೀವು... ತಗೊಳ್ಳೋಕೆ ಬಂದಿಲ್ವಾ?"

"ತಗೊಳ್ಳೋದಾ? ನಂಗೇನು ತಲೆ ಕೆಟ್ಟಿದ್ಯಾ?" ಎಂದು ಹಿರಿಯರು ನಕ್ಕು, ಹಿಂದಕ್ಕೆ ತಿರುಗಿದರು. "ನಂಗೆ ಬಲಗಡೆ ಹಿಂದಿನ ಚಕ್ರ ಅಂತ ಅನುಮಾನ. ನಿಮಗೆ?"

"ನಾನೂ ಅದನ್ನೇ ಹೇಳಿದ್ದು!" ಎಂದರು ನರ್ಸಮ್ಮ.

"ಮುಂದಿಂದು," ಎಂದರು ಡ್ರೈವರ್ ಮಾವ.

"ಎಡಗಡೆ, ಎಡಗಡೆ," ಎಂದ ಬೇಕರಿಯವನು, ಒಮ್ಮೆಯೂ ಸದ್ದನ್ನು ಸರಿಯಾಗಿ ಕೇಳಿರದವನು.

"ಇವತ್ತು ಇತ್ಯರ್ಥ ಆಗ್ಲಿ. ಭಾರ ಇರೋರು ಇಳೀಲಿ," ಎಂದರು ಹಿರಿಯರು. ಬೇಕರಿಯವನು ಗೊಣಗುತ್ತ ಇಳಿದ.

"ಭಾವ, ನೀವೂ ಇಳೀರಿ. ಅಷ್ಟೇ ಹಗುರ ಆಗುತ್ತೆ," ಎಂದ ಹೆಂಡತಿಯ ತಮ್ಮ. ಬೇಡವೆನ್ನುವಷ್ಟರಲ್ಲಿ ಅವನು ರಸ್ತೆಯ ಮೇಲಿದ್ದ, ವ್ಯಾನು ತಿರುವಿನಾಚೆಗಿತ್ತು.

ಮನೆಯೊಳಗಿನಿಂದ ಹೆಂಡತಿ ಬಂದಳು. ಕೊರಳಲ್ಲಿ ಅಳತೆಯ ಟೇಪು, ಕೆನ್ನೆಗೆ ಸುಣ್ಣ. ಖಾಲಿ ಶೆಡ್ಡು ನೋಡಿ ಕಣ್ಣರಳಿಸಿ ನಿಂತಳು.

"ಅಬ್ಬಾ, ಕೊನೆಗೂ ಹೋಯ್ತಾ! ನೀವು ಮಾರ್ತೀರಿ ಅಂತ ನಂಗೆ ನಂಬಿಕೇನೇ ಇರ್ಲಿಲ್ಲ ಕಣ್ರೀ. ಎಷ್ಟಕ್ಕೆ ಹೋಯ್ತು?"

ಅವನು ಬಾಯಿ ತೆರೆದ. ಅಷ್ಟರಲ್ಲಿ ತಿರುವಿನಾಚೆಯಿಂದ ತೇಲಿ ಬಂತು: ಕಟ್, ಕಟ್, ಕಡಾಲ್. ಅದರ ಹಿಂದೆಯೇ ನಾಲ್ಕು ಗಂಟಲುಗಳ ಜಯಘೋಷ.

ಬೇಕರಿಯವನು ಅವನ ಬೆನ್ನಿಗೊಂದು ಗುದ್ದಿದ. "ಕೇಳಿಸ್ತಾ ಮೇಷ್ಟ್ರೇ? ನಾನು ಹೇಳ್ಲಿಲ್ವಾ, ಎಡಗಡೆ!"