ಬೊಮ್ಮಣ್ಣನ ಅತಿವೇಗ

ಬೊಮ್ಮಣ್ಣ ಜೀಪು ಓಡಿಸುತ್ತಿದ್ದರೆ ಹಿಂದೆ ಬರುವ ಎತ್ತಿನ ಗಾಡಿಯವನು "ದಾರಿ ಬಿಡಪ್ಪೋ" ಎಂದು ಕೂಗುತ್ತಾನೆ ಅನ್ನುವುದು ಚಳ್ಳಕೆರೆ ಜೀಪ್ ಸ್ಟ್ಯಾಂಡಿನ ಹಳೇ ತಮಾಷೆ. ಅದು ಪೂರ್ತಿ ಸುಳ್ಳೂ ಅಲ್ಲ. ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದವನು ಒಂದು ಕೋಳಿಯ ಪುಕ್ಕವನ್ನೂ ಕೊಂಕಿಸಿರಲಿಲ್ಲ. ಆದರೆ ಊರಿಗೆ ಬೇಗ ಮುಟ್ಟಬೇಕೆನ್ನುವ ಜನ ಇವನ ಜೀಪು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಬಾಡಿಗೆಯೆಲ್ಲ ಅದೇ ಸ್ಟ್ಯಾಂಡಿನ ಪ್ರದೀಪನ ಪಾಲಾಗುತ್ತಿತ್ತು. ಪ್ರದೀಪ ಓಡಿಸಿದರೆ ರಸ್ತೆಯ ಹಂಪು ಕೂಡ ಗಾಳಿಯಲ್ಲೇ ದಾಟಿಹೋಗುತ್ತಿತ್ತು.

ಇಂಥ ಬೊಮ್ಮಣ್ಣನ ನಿಧಾನಕ್ಕೂ ಕೊನೆಗೊಮ್ಮೆ ಬೆಲೆ ಬರುವ ಕಾಲ ಬಂತು. ರಾಂಪುರದ ಎಣ್ಣೆ ಮಿಲ್ಲಿನ ಸಾಹುಕಾರ ಕೊಟ್ಟೂರಪ್ಪನವರು ತಮ್ಮ ಕಾನ್ವೆಂಟಿಗೆ ಹೊಸ ವ್ಯಾನು ತಂದಿದ್ದರು. ಡ್ರೈವರ್ ಬೇಕಿತ್ತು. ತಿಂಗಳ ಸಂಬಳ, ಖಾಯಂ ಕೆಲಸ. "ಪುಟ್ಟ ಮಕ್ಕಳ ಗಾಡಿ. ಮೈಮೇಲೆ ಒಂದು ಕೇಸೂ ಇರಬಾರದು. ಸೋಮವಾರ ಹನ್ನೊಂದು ಅಂದರೆ ಹನ್ನೊಂದಕ್ಕೆ ಬಂದು ಕಾಣಬೇಕು" ಎಂದು ಹೇಳಿ ಕಳಿಸಿದ್ದರು. ಬೊಮ್ಮಣ್ಣನ ಹೆಂಡತಿ ಸುನಿತಾ ಕೆಲಸ ಸಿಕ್ಕೇಬಿಟ್ಟಿತು ಎಂದು ಭಾನುವಾರವೇ ಕೇರಿಗೆಲ್ಲ ಸಕ್ಕರೆ ಹಂಚಿದ್ದಳು.

ಎಲ್ಲ ಸರಿಯಿತ್ತು. ನಡುವೆ ಒಂದು ಚೀಟಿ ಇಲ್ಲದಿದ್ದರೆ.

ಆ ವರ್ಷ ಬಳ್ಳಾರಿ ರಸ್ತೆಯಲ್ಲಿ ಲಾರಿ, ಜೀಪುಗಳು ಹುಚ್ಚುನಾಯಿಗಳಂತೆ ಓಡಾಡಿ ಅಪಘಾತಗಳು ಹೆಚ್ಚಾಗಿದ್ದವು. ಹೊಸದಾಗಿ ಬಂದಿದ್ದ ಪೊಲೀಸ್ ಸಾಹೇಬರೊಬ್ಬರು ಉಪಾಯ ಕಂಡುಹಿಡಿದರು. ಚಳ್ಳಕೆರೆ ಬಿಟ್ಟ ಕೂಡಲೇ ಒಂದು ಗೇಟು, ಹಾನಗಲ್ ಹತ್ತಿರ ಇನ್ನೊಂದು ಗೇಟು. ಮೊದಲನೇ ಗೇಟಿನ ಪೇದೆ ಗಾಡಿ ಹೊರಟ ಹೊತ್ತನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಎರಡನೇ ಗೇಟಿನವನು ಅದನ್ನು ನೋಡಿ, ಬಂದ ಹೊತ್ತು ಬರೆದು, ಸಹಿ ಹಾಕಿ ವಾಪಸು ಕೊಡಬೇಕು. ಒಂದು ಗಂಟೆಗಿಂತ ಮೊದಲೇ ಬಂದಿದ್ದರೆ ಅತಿವೇಗ ಅಂತ ಕೇಸು, ದಂಡ, ರಸೀದಿ.

ಸಾಹೇಬರ ಬುದ್ಧಿ ಸಾಹೇಬರಿಗೆ, ಡ್ರೈವರುಗಳ ಬುದ್ಧಿ ಡ್ರೈವರುಗಳಿಗೆ. ಮೊದಲಿನಂತೆಯೇ ಹಾರಿಕೊಂಡು ಬಂದು, ಎರಡನೇ ಗೇಟು ಇನ್ನೇನು ಕಾಣಬೇಕು ಅನ್ನುವಲ್ಲಿ ಪಾತಮ್ಮನ ಹೋಟೆಲಿನ ಮುಂದೆ ನಿಲ್ಲಿಸುತ್ತಿದ್ದರು. ಮಂಡಕ್ಕಿ ಮಿರ್ಚಿ ತಿಂದು, ಚಾ ಕುಡಿದು, ಗಂಟೆ ತುಂಬಿಸಿಕೊಂಡು ಏಳುತ್ತಿದ್ದರು. ಕಾನೂನಿನಿಂದ ರಸ್ತೆ ಉದ್ಧಾರವಾಯಿತೋ ಇಲ್ಲವೋ, ಪಾತಮ್ಮ ಮಾತ್ರ ತಗಡು ತೆಗೆಸಿ ಆರ್‌ಸಿಸಿ ಹಾಕಿಸಿದಳು.

ಸೋಮವಾರ ಬೆಳಿಗ್ಗೆ ಬೊಮ್ಮಣ್ಣ ತಾನು ದಿನಾ ಓಡಿಸುತ್ತಿದ್ದ ಭಾವನ ಹಳೇ ಜೀಪನ್ನೇ ಹೊರಡಿಸಿದ. ಒಬ್ಬನೇ ಹೋಗಲು ಕೇರಿ ಬಿಡಬೇಕಲ್ಲ. ರಿಟೈರಾದ ಕಂಡಕ್ಟರ್ ಮುದ್ದಪ್ಪ ಕರೆಯದೆಯೇ ಮುಂದಿನ ಸೀಟಿನಲ್ಲಿ ಕೂತಿದ್ದ. ಪಕ್ಕದ ಮನೆ ಮುದ್ದಕ್ಕ ಹಾನಗಲ್ಲಿನ ಮಗಳಿಗೆಂದು ಒಂದು ಹುಂಜ ಹಿಡಿದು ಹಿಂದೆ ಹತ್ತಿದಳು.

ಮೊದಲ ಗೇಟಿನಲ್ಲಿ ಬೊಮ್ಮಣ್ಣನ ಕೈಗಡಿಯಾರ ಒಂಬತ್ತೂ ಐದು ತೋರಿಸುತ್ತಿತ್ತು. ಪೇದೆ ಗುಡಿಸಲೊಳಗೆ ಕತ್ತು ಹಾಕಿ, ಗೋಡೆ ಗಡಿಯಾರ ನೋಡಿ, ಗೀಚಿ ಕೊಟ್ಟ. ಬೊಮ್ಮಣ್ಣ ಅದನ್ನು ದೇವರ ಭಂಡಾರದಂತೆ ಮಡಿಸಿ ಜೇಬಿಗಿಟ್ಟ. ಓದಲು ಹೋಗಲಿಲ್ಲ. ಓದಬೇಕಾದ್ದು ಕಳ್ಳರು, ತನಗೇನು ಭಯ?

ದಾರಿಯುದ್ದಕ್ಕೂ ಬೈಗುಳ. "ಲೇ ಬೊಮ್ಮ, ಆ ಟ್ರ್ಯಾಕ್ಟರ್ ನಮ್ಮುನ್ನ ದಾಟಿಕೊಂಡು ಹೋಗ್ತೈತೆ ಕಣಲೇ! ನನ್ನ ಸರ್ವಿಸಿನಾಗೇ ಇಂಥ ಅವಮಾನ ಕಂಡಿಲ್ಲ" ಎಂದ ಮುದ್ದಪ್ಪ.

"ಬೊಮ್ಮಣ್ಣ, ಮಗಳ ಮನೆ ಮುಟ್ಟೋದ್ರೊಳಗೆ ಹುಂಜಕ್ಕೆ ವಯಸ್ಸಾಗ್ತೈತೆ ನೋಡು" ಎಂದಳು ಮುದ್ದಕ್ಕ.

ಅಷ್ಟರಲ್ಲಿ ಪ್ರದೀಪನ ಜೀಪು ಧೂಳೆಬ್ಬಿಸಿಕೊಂಡು ದಾಟಿತು. ಅವನೂ ರಾಂಪುರದ ಅದೇ ಕೆಲಸಕ್ಕೇ ಹೊರಟವನು. "ಅಣ್ಣಾ, ಹಗ್ಗ ಕಟ್ಟಿ ಎಳೀಲಾ?" ಎಂದು ಕೂಗಿ ಮಾಯವಾದ. ಮುದ್ದಪ್ಪನ ಮುಖ ಬೆಂದ ಬದನೆಕಾಯಿಯಂತಾಯಿತು.

ಪಾತಮ್ಮನ ಹೋಟೆಲಿನ ಮುಂದೆ ಪ್ರದೀಪ ಕಾಲಮೇಲೆ ಕಾಲು ಹಾಕಿ ಮಿರ್ಚಿ ಕಚ್ಚುತ್ತಿದ್ದ. "ಬಾರಣ್ಣಾ, ಬಿಸಿ ಬಿಸಿ ಐತೆ" ಎಂದು ಪಾತಮ್ಮ ಕೈ ಬೀಸಿದಳು. ಬೊಮ್ಮಣ್ಣ ನಿಲ್ಲಲಿಲ್ಲ. ನಿಯತ್ತಾಗಿ ಬಂದವನು ಕಳ್ಳರ ಸಾಲಿನಲ್ಲಿ ಕೂತು ಏಕೆ ತಿನ್ನಬೇಕು?

ಎರಡನೇ ಗೇಟಿನ ಪೇದೆ ಚೀಟಿ ನೋಡಿದ, ತನ್ನ ಕೈಗಡಿಯಾರ ನೋಡಿದ, ಶಿಳ್ಳೆ ಹೊಡೆದ. "ಐವತ್ತೈದೇ ನಿಮಿಷ! ಇಳಿ ಕೆಳಕ್ಕೆ."

"ಸ್ವಾಮಿ, ಒಂದು ಗಂಟೆ ಐದು ನಿಮಿಷ ಆಗೈತೆ. ನೋಡ್ರಿ, ನನ್ನ ವಾಚಿನಾಗೂ ಹತ್ತೂ ಹತ್ತು, ನಿಮ್ಮದ್ರಾಗೂ ಹತ್ತೂ ಹತ್ತು!"

"ಮತ್ತೆ ನೀನೇ ಒಪ್ಕೊಂಡಂಗಾಯ್ತಲ್ಲ. ಈಗ ಹತ್ತೂ ಹತ್ತು. ಚೀಟಿಯಾಗೆ ಒಂಬತ್ತೂ ಕಾಲು. ಎಷ್ಟಾಯ್ತು, ಎಣಿಸು."

ಬೊಮ್ಮಣ್ಣ ಎಣಿಸಿದ. ಐವತ್ತೈದೇ ಆಯಿತು. "ಸ್ವಾಮಿ, ಕಾಲಿಗೆ ಬೀಳ್ತೀನಿ. ಇವತ್ತೊಂದು ದಿನ ಕೇಸು ಬ್ಯಾಡ. ನನ್ನ ಹೊಟ್ಟೆಪಾಡು ಇದರ ಮೇಲೈತೆ."

"ಇವನು ಜೋರಾಗಿ ಬಂದ್ನಾ? ನಡ್ಕೊಂಡು ಬಂದಿದ್ರೆ ಇಷ್ಟೊತ್ತಿಗೆ ಉಂಡು ಮಲಗಿರ್ತಿದ್ದೆ" ಎಂದು ಮುದ್ದಕ್ಕ ಹುಂಜದ ಮೇಲೆ ಆಣೆಯಿಟ್ಟಳು. ಹುಂಜವೂ ಕೂಗಿ ಸಾಕ್ಷಿ ಹೇಳಿತು. ಪೇದೆಗೆ ನಗು ಬಂದು, ಹೋಗಲಿ ಎಂದು ಚೀಟಿ ಹರಿಯುವುದರಲ್ಲಿದ್ದ. ಆಗಲೇ ಪ್ರದೀಪ ಮಿರ್ಚಿ ಮುಗಿಸಿ, ಬಾಯಿ ಒರೆಸಿಕೊಳ್ಳುತ್ತಾ ಗೇಟಿಗೆ ಬಂದ.

"ಬೊಮ್ಮಣ್ಣನ ಮೇಲೆ ಸ್ಪೀಡ್ ಕೇಸಾ? ಯಾರಾದ್ರೂ ಕೇಳಿದ್ರೆ ನಕ್ಕಾರು!"

ಮುದ್ದಪ್ಪನಿಗೆ ಇಡೀ ಕೇರಿಯ ಮಾನ ತನ್ನ ಹೆಗಲ ಮೇಲೆ ಕೂತಂತಾಯಿತು. ಎದ್ದು ನಿಂತು ಗುಡುಗಿದ: "ಯಾಕಲೇ ನಗ್ತಾರೆ? ನಮ್ಮ ಹುಡುಗ ಮನಸ್ಸು ಮಾಡಿದ್ರೆ ಗಾಳಿ! ನಾನು ಪಕ್ಕದಾಗೆ ಕುಂತು ನೋಡೀನಿ, ಮುಳ್ಳು ಎಂಬತ್ತು ದಾಟಿತ್ತು!"

ಆ ಜೀಪಿನ ಸ್ಪೀಡಿನ ಮುಳ್ಳು ಮುರಿದು ಆರು ವರ್ಷವಾಗಿತ್ತು. ಆದರೆ ಪೇದೆ ಪೆನ್ನು ತೆಗೆದಾಗಿತ್ತು. ಕಂಡಕ್ಟರೇ ಸಾಕ್ಷಿ ಹೇಳಿದ ಮೇಲೆ ಅವನು ತಾನೇ ಏನು ಮಾಡಿಯಾನು? ಹೆಸರು, ತಂದೆಯ ಹೆಸರು, ಜೀಪಿನ ನಂಬರು ಎಂದು ಬರೆದು ಮುಗಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಮುದ್ದಪ್ಪ ಮಾತ್ರ ಗೆದ್ದ ಪೈಲ್ವಾನನಂತೆ ಮೀಸೆ ತೀಡಿಕೊಂಡ. ಬೊಮ್ಮಣ್ಣನಿಗೆ ಅವನ ಆ ಮೀಸೆಯನ್ನೇ ಹಿಡಿದು ಎಳೆಯಬೇಕೆನ್ನುವಷ್ಟು ಸಿಟ್ಟು ಬಂತು.

ಮುದ್ದಕ್ಕನನ್ನು ಹಾನಗಲ್ಲಿನಲ್ಲಿ ಇಳಿಸಿ ರಾಂಪುರದ ಕಾನ್ವೆಂಟು ಮುಟ್ಟಿದಾಗ ಅವನ ವಾಚಿನಲ್ಲಿ ಹನ್ನೊಂದಕ್ಕೆ ಐದು ನಿಮಿಷ ಇತ್ತು. ಸದ್ಯ, ಹೊತ್ತಿಗಾದರೂ ಬಂದೆ ಎಂದುಕೊಂಡು ಒಳಗೆ ಹೋದ. ಕೊಟ್ಟೂರಪ್ಪನವರ ಮುಂದೆ ಪ್ರದೀಪ ಕೈಕಟ್ಟಿ ನಿಂತಿದ್ದ. ಮೇಜಿನ ಮೇಲೆ ಅವನ ಹಳೇ ಗೇಟ್ ಚೀಟಿಗಳ ಕಂತೆಯೇ ಇತ್ತು. ಪ್ರತಿಯೊಂದರ ಮೇಲೂ ಪೊಲೀಸರ ಸಹಿ. ಒಂದರಲ್ಲೂ ಗಂಟೆಗೆ ಕಡಿಮೆಯಿಲ್ಲ.

"ನೋಡಪ್ಪಾ, ಶಿಸ್ತು ಅಂದ್ರೆ ಇದು" ಎಂದರು ಕೊಟ್ಟೂರಪ್ಪ. ಒಂದು ಚೀಟಿಯ ಜಿಡ್ಡು ಮೂಸಿ ನೋಡಿ ಕಣ್ಣರಳಿಸಿದರು. "ಶೇಂಗಾ ಎಣ್ಣೆ! ನಮ್ಮ ಮಿಲ್ಲಿಂದೇ! ಇವನಿಗೆ ಕೆಲಸ ಕೊಟ್ಟಾಯ್ತು. ನಿಂದೇನು?"

ಬೊಮ್ಮಣ್ಣ ಸುಳ್ಳು ಹೇಳಲಾರದೆ ರಸೀದಿ ಮುಂದಿಟ್ಟ. ಕೊಟ್ಟೂರಪ್ಪ ಅದನ್ನು ಓದಿ, ತಲೆಯ ಮೇಲಿನ ಗೋಡೆ ಗಡಿಯಾರ ನೋಡಿದರು. ಅದರಲ್ಲಿ ಹನ್ನೊಂದೂ ಐದು.

"ಅಲ್ಲಪ್ಪಾ, ಇಷ್ಟು ಜೋರಾಗಿ ಬಂದೂ ಲೇಟಾಗಿ ಬಂದೀಯಲ್ಲ!"

"ಸಾಹುಕಾರ್ರೇ, ನನ್ನ ವಾಚಿನಾಗೆ ಇನ್ನೂ ಹನ್ನೊಂದಾಗಿಲ್ಲ."

"ಆಗಿರಲ್ಲ. ನಾನು ಹತ್ತು ನಿಮಿಷ ಮುಂದಿಟ್ಟೀನಿ. ಜನ ಸೋಮಾರಿಗಳು ನೋಡು, ಟೈಮಿಗೆ ಬರ್ಲಿ ಅಂತ. ನಾನು ದಾನ ಕೊಟ್ಟ ಗಡಿಯಾರ ಎಲ್ಲಾ ಹಂಗೇ. ಪಂಚಾಯ್ತಿಗೆ ಕೊಟ್ಟಿದ್ದು, ಮಠಕ್ಕೆ ಕೊಟ್ಟಿದ್ದು, ಚಳ್ಳಕೆರೆ ಗೇಟಿಗೆ ಕೊಟ್ಟಿದ್ದು…"

ಬೊಮ್ಮಣ್ಣ ರಸೀದಿ ನೋಡಿದ, ಗೋಡೆ ಗಡಿಯಾರ ನೋಡಿದ. ಅಳಬೇಕೋ ನಗಬೇಕೋ ತಿಳಿಯದೆ ಹಾಗೇ ನಿಂತ. ಕೊಟ್ಟೂರಪ್ಪನವರಿಗೆ ಪಾಪವೆನಿಸಿ ಬೀರುವಿನಿಂದ ಹೊಸ ಗೋಡೆ ಗಡಿಯಾರವೊಂದನ್ನು ತೆಗೆದು ಅವನ ಕೈಗಿಟ್ಟರು. "ತಗೊಂಡು ಹೋಗು. ಇನ್ಮ್ಯಾಲಾದ್ರೂ ಟೈಮ್ ಕಲಿ."

ವಾಪಸು ಬರುವಾಗ ಮುದ್ದಪ್ಪ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬೊಮ್ಮಣ್ಣ ಹೋದ ಹಾಗೇ ಬಂದ. ಎತ್ತಿನ ಗಾಡಿಗೆ ದಾರಿ ಬಿಟ್ಟುಕೊಟ್ಟೇ ಬಂದ. ಹಾನಗಲ್ ಗೇಟಿನಲ್ಲಿ ಬರೆಸಿಕೊಂಡ ಚೀಟಿಯನ್ನು ಚಳ್ಳಕೆರೆ ಗೇಟಿನಲ್ಲಿ ಕೊಟ್ಟು ಸಂಕಟ ತೋಡಿಕೊಂಡ: "ಸ್ವಾಮಿ, ನಿಮ್ಮ ಗಡಿಯಾರ ಹತ್ತು ನಿಮಿಷ ಮುಂದೈತೆ. ಅದ್ರಿಂದ ನನ್ನ ಬಾಳು ಕೆಟ್ಟೋಯ್ತು."

"ಶ್! ಮೆಲ್ಲಗೆ ಹೇಳಯ್ಯ" ಎಂದ ಪೇದೆ. "ಗೊತ್ತೈತೆ. ಡ್ಯೂಟಿ ಹತ್ತು ನಿಮಿಷ ಮುಂಚೆ ಮುಗೀತೈತೆ ಅಂತ ಸುಮ್ನಿದ್ದೀವಿ."

ಆಮೇಲೆ ಅದೇ ಗಡಿಯಾರ ನೋಡಿ, ಚೀಟಿ ನೋಡಿ, ಬೊಮ್ಮಣ್ಣನ ಬೆನ್ನು ತಟ್ಟಿದ.

"ಅಬ್ಬಾ, ಒಂದೂ ಕಾಲು ಗಂಟೆ! ಈ ರಸ್ತೆಯಾಗೆ ಇಷ್ಟು ನಿಧಾನವಾಗಿ ಬಂದೋರ್ನ ನಾನು ಕಂಡೇ ಇಲ್ಲ. ನಿನ್ನಂಥೋನು ಸ್ಕೂಲ್ ವ್ಯಾನ್ ಓಡಿಸ್ಬೇಕು ಕಣಯ್ಯ!"