ನಿಲ್ದಾಣ ದಾಟಿ ನಿಲ್ಲುವ ಬಸ್ಸು

ಬಸ್ ಕಂಪನಿಯ ಘನತೆವೆತ್ತ ವ್ಯವಸ್ಥಾಪಕರಿಗೆ, ಅದರ ಬಸ್ಸಿನ ಹಿಂದೆ ಓಡಿ ಓಡಿ ದಣಿದ ಪ್ರಯಾಣಿಕನೊಬ್ಬ ಉಸಿರು ಸಿಕ್ಕಷ್ಟರಲ್ಲಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಸುವರ್ಣ ಮಹೋತ್ಸವದ ನೆನಪಿಗೆ ತಾವು ಸೀಟು ಸೀಟಿಗೂ ಹಂಚಿದ ‘ಕಂಪನಿ ನಡೆದು ಬಂದ ದಾರಿ’ ಎಂಬ ಕಿರುಹೊತ್ತಿಗೆಯನ್ನು ಸೀಟು ಸಿಗದ ನಾನು ನಿಂತೇ ಓದಿದೆ. ಬಸ್ ಕಂಪನಿಯೊಂದು ನಡೆದುಕೊಂಡು ಬಂದೆನೆಂದು ಒಪ್ಪಿಕೊಳ್ಳುವುದು ದೊಡ್ಡತನವೇ ಸರಿ. ತಮ್ಮ ತಾತನವರು ಒಂದೇ ಬಸ್ಸಿಟ್ಟುಕೊಂಡು ಕೈ ಎತ್ತಿದವರಿಗೆಲ್ಲ ನಿಲ್ಲಿಸುತ್ತಿದ್ದರಂತೆ; ತಂದೆಯವರು ಆ ಅಶಿಸ್ತನ್ನು ತೊಲಗಿಸಿ ನಿಲ್ದಾಣ ಕಟ್ಟಿಸಿದರಂತೆ. ನಿಲ್ದಾಣ ದಾಟಿಯೇ ನಿಲ್ಲಿಸುವ ಪದ್ಧತಿಯನ್ನು ತಂದವರು ತಾವೆಂಬುದನ್ನು ಮಾತ್ರ ಹೊತ್ತಿಗೆ ಸಂಕೋಚದಿಂದ ಮುಚ್ಚಿಟ್ಟಿದೆ.

ನಮ್ಮ ಇಸ್ತ್ರಿ ಅಂಗಡಿ ನಿಲ್ದಾಣವನ್ನೇ ನೋಡಿ. ಬಸ್ಸು ಮೊದಲು ಅದನ್ನು ದಾಟಿ ಸೈಕಲ್ ರಿಪೇರಿಯವನ ಮುಂದೆ ನಿಂತಿತು. ನಾವೂ ಜಾಣರಾಗಿ ಅಲ್ಲಿಗೇ ಹೋಗಿ ಕಾದೆವು. ಗುಂಪು ಕಂಡ ಚಾಲಕರು ಬಸ್ಸನ್ನು ಬೇಕರಿಗೆ ಒಯ್ದರು. ನಾವು ಬೇಕರಿಗೆ ಹೋದರೆ, ಅವರು ಮರ ಕೊಯ್ಯುವ ಮಿಲ್ಲಿಗೆ! ಹೀಗೇ ಮುಂದುವರಿದರೆ ಬಸ್ಸು ಹತ್ತದೆಯೇ ಮುಂದಿನ ಊರು ಸೇರುತ್ತೇವೆ. ನಿಲ್ದಾಣದ ಬೆಂಚಿನ ಮೇಲೆ ಈಗ ಬೆಕ್ಕೊಂದು ಹಾಯಾಗಿ ಸಂಸಾರ ಹೂಡಿದೆ.

ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವ ನನ್ನ ಅಕ್ಕನಿಗೆ ಮೊಣಕಾಲಿನ ಆಪರೇಷನ್ ಆಗಿದ್ದು, ಪ್ರತಿ ಗುರುವಾರ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುತ್ತಾರೆ. ಓಡಲೇಬಾರದು ಎಂದು ವೈದ್ಯರು ಹೇಳುತ್ತಾರೆ. ಆ ಮಾತನ್ನು ಕೇಳಿಸಿಕೊಳ್ಳಲು ಹೋಗಬೇಕಾದರೆ ಓಡಲೇಬೇಕು. ಕಳೆದ ವಾರ ಊರುಗೋಲು ಎತ್ತಿ ತೋರಿಸಿದವಳನ್ನು ನಿರ್ವಾಹಕರು, “ಅಕ್ಕಾ, ಕೋಲು ಆಮೇಲೆ ಬೀಸೋರಂತೆ, ಮೊದ್ಲು ಕಾಲು ಬೀಸಿ!” ಎಂದು ಅಕ್ಕರೆಯಿಂದ ಕರೆದರು. “ಕಾಲು ಬೀಸೋ ಹಂಗಿದ್ರೆ ನಿನ್ ಬಸ್ಸು ಯಾಕಪ್ಪಾ ಬೇಕಿತ್ತು?” ಎಂದು ಅವಳು ಕೇಳಿದ್ದು ಹೊಗೆಗಷ್ಟೇ ಕೇಳಿಸಿತು. ಈ ಗುರುವಾರವೂ ತಪ್ಪಿದರೆ ವೈದ್ಯರು ಅವಳನ್ನು ಕೆಲಸಕ್ಕೆ ಕಳಿಸಲು ಒಪ್ಪುವುದಿಲ್ಲ. ಅಂಗಡಿಯವರು ಅವಳ ಜಾಗಕ್ಕೆ ಬೇರೆಯವರನ್ನು ಹುಡುಕುತ್ತಾರೆ.

ಬಸ್ಸನ್ನು ನಿಲ್ದಾಣದಲ್ಲೇ ನಿಲ್ಲಿಸಿ ಎನ್ನುವಷ್ಟು ಅವಿವೇಕಿ ನಾನಲ್ಲ. ಆಸ್ಪತ್ರೆಯನ್ನೇ ಎತ್ತಿ ಮಿಲ್ಲಿನ ಪಕ್ಕಕ್ಕಿಡಿಸಿ. ಅದು ಕಷ್ಟವಾದರೆ ನಿಲ್ದಾಣಕ್ಕೆ ನಾಲ್ಕು ಚಕ್ರ ಹಾಕಿಸಿ, ಅದೂ ನಮ್ಮ ಜೊತೆ ಓಡಲಿ.

ಇಂತಿ, ಇನ್ನೂ ಉಳಿದಿರುವಷ್ಟು ವಿಶ್ವಾಸದಿಂದ,
ತಮ್ಮ ವಿಶ್ವಾಸಿ,
ಹಾಗೂ ಅಕ್ಕನ ತಮ್ಮ

ತಾ.ಕ.: ಬ್ರೇಕಿನಲ್ಲೇ ದೋಷವಿದೆಯೆಂದು ನಾನು ತಿಳಿದಿದ್ದೆ, ಕ್ಷಮಿಸಿ. ನಮ್ಮ ನಿಲ್ದಾಣಕ್ಕಿಂತ ಹಿಂದಿನ ತಿರುವಿನಲ್ಲೇ ಇರುವ ತಮ್ಮ ಮನೆಯ ಗೇಟಿನೆದುರು, ಬೋರ್ಡೂ ಇಲ್ಲದ ಕಡೆ, ಇದೇ ಬಸ್ಸು ತಮ್ಮ ಮನೆಯವರಿಗಾಗಿ ಕೂದಲೆಳೆಯಷ್ಟೂ ಆಚೀಚೆಯಾಗದೆ ನಿಂತದ್ದನ್ನು ನಿನ್ನೆ ಬೆಳಿಗ್ಗೆ ಕಣ್ಣಾರೆ ಕಂಡೆ. ಆದ್ದರಿಂದ ಗುರುವಾರ ಅಕ್ಕ ಅಲ್ಲಿಗೇ ಬರುತ್ತಾಳೆ. ಗೇಟಿನ ಹೊರಗೊಂದು ಕುರ್ಚಿ ಹಾಕಿಸಿರಿ. ನಾಯಿಯಿದ್ದರೆ ಕಟ್ಟಿಸಿರಿ, ಅಕ್ಕ ಓಡುವಂತಿಲ್ಲ.