ರದ್ದಾಗಬೇಕಾದ ಕಾಯ್ದೆ

“ಆ ಕಾಯ್ದೆ ರದ್ದಾಗಬೇಕು, ಅಷ್ಟ! ಬರೀರಿ ಚಿದಾನಂದಪ್ಪಾರ!”

1952ರ ಒಂದು ದಿನ ಬಳ್ಳಾರಿ ಕಚೇರಿಯ ಮುಂದಿನ ಬೇವಿನ ನೆರಳಲ್ಲಿ, ಅರ್ಜಿ ಬರೆಯುವ ಚಿದಾನಂದಪ್ಪನವರ ಎದುರು ಹತ್ತಿ ಮಿಲ್ಲಿನ ಮಾರೆಣ್ಣ ಗುಡುಗಿದ. ಗುಡುಗಿನ ಬೆನ್ನಿಗೇ ಕೆಮ್ಮು ಬಂತು. ಆರು ತಿಂಗಳ ಆ ಕೆಮ್ಮು ಕೇಳಿ ಕೇಳಿ, ಪಕ್ಕದಲ್ಲೇ ಕೂತಿದ್ದ ಹೆಂಡತಿ ಹಂಪಮ್ಮನ ಜೀವ ಅರ್ಧವಾಗಿತ್ತು. ಮಾರೆಣ್ಣನಿಗೋ ಕೆಮ್ಮಿಗಿಂತ ಡಾಕ್ಟರ ಭಯವೇ ಹೆಚ್ಚು.

ಚಿದಾನಂದಪ್ಪ: ಯಾವ ಕಾಯ್ದೆಪ್ಪಾ?

ಮಾರೆಣ್ಣ: ದಿಲ್ಲಿಯೋರದು. ಮಿಲ್ಲಿನ ಕೂಲಿಯೋರಿಗೆ ಜಡ್ಡು ಬಂದ್ರ ಡಾಕ್ಟರು ನೋಡಬೇಕಂತ. ಹೋಟೆಲಿನಾಗ ಪೇಪರ್ ಓದಿದ್ರು.

ಹಂಪಮ್ಮ: ಚಲೋನ ಐತಲ್ರಿ!

ಮಾರೆಣ್ಣ: ನೀ ಸುಮ್ನಿರು. ಒಂದನೇ ಕಾರಣ ಬರೀರಿ. ಹೊಟ್ಟಿನೋವಂತ ರಜಾ ಕೇಳಿದ್ರ ಡಾಕ್ಟರು ಹೊಟ್ಟಿ ಒತ್ತಿ ನೋಡ್ತಾನ.

ಚಿದಾನಂದಪ್ಪ: ನೋಡ್ಲಿ, ತಪ್ಪೇನು?

ಹಂಪಮ್ಮ: ನೋವು ಎಲ್ಲಿರತೈತ್ರಿ? ಅವತ್ತು ಕುರುಗೋಡಿನಾಗ ಬೀಗರ ಮನಿ ಹೋಳಿಗಿ ಊಟ ಇರತೈತಿ!

‘ಬಡವರ ಬಂಧು ಬಾಂಧವ್ಯಕ್ಕೆ ಧಕ್ಕೆ’ ಎಂದು ಚಿದಾನಂದಪ್ಪನವರು ಗಂಭೀರವಾಗಿ ಬರೆದುಕೊಂಡರು.

ಮಾರೆಣ್ಣ: ಎರಡನೇದು, ಮನಿ ಮದ್ದಿನ ಮರ್ಯಾದಿ ಹೋಗತೈತಿ. ಇಕಿ ಕಷಾಯ ಇರೂವಾಗ ಡಾಕ್ಟರು ಯಾಕ?

ಹಂಪಮ್ಮ: ಒಂದಿನರ ಕುಡದೀರೇನು? ತುಳಸಿ ಬುಡಕ್ಕ ಸುರುವಿ ಸುರುವಿ ಗಿಡ ಒಣಗಿ ಹೋತು.

ಮಾರೆಣ್ಣ: ಒಣಗೇತಿ, ಖರೆ. ಗಿಡ ಒಂದಿನರ ಕೆಮ್ಮೇತೇನು?

ಮೂರನೆಯ ಕಾರಣಕ್ಕೆ ಬಾಯಿ ತೆರೆದ. ಕೆಮ್ಮು ಒತ್ತರಿಸಿ ಬಂದು ಕಣ್ಣಲ್ಲಿ ನೀರಾಡಿತು. ಹಂಪಮ್ಮ ಅವನ ಬೆನ್ನು ನೀವತೊಡಗಿದಳು. ಚಿದಾನಂದಪ್ಪನವರು ಅದನ್ನು ನೋಡಿ ಲೇಖನಿ ಕೆಳಗಿಟ್ಟರು.

ಚಿದಾನಂದಪ್ಪ: ಒಂದು ತೊಡಕೈತಿ ಮಾರೆಣ್ಣ. ಆ ಕಾಯ್ದೆ ಕಾನ್ಪುರ, ದಿಲ್ಲಿಯಾಗ ಈಗ ಸುರು ಆಗೇತಿ. ನಮ್ಮೂರಿಗೆ ಇನ್ನಾ ಬಂದಿಲ್ಲ.

ಮಾರೆಣ್ಣ: ಬಂದಿಲ್ಲ? ಮತ್ತ ಇಷ್ಟು ದಿನ ನಾ ಯಾತಕ್ಕ ಹೆದರಿದೆ?

ಚಿದಾನಂದಪ್ಪ: ಬರದಿದ್ದನ್ನ ರದ್ದು ಮಾಡ್ರಿ ಅಂದ್ರ ದಿಲ್ಲಿಯೋರು ನಗತಾರ. ಮೊದಲು ‘ಬಳ್ಳಾರಿಗೂ ಕೊಡ್ರಿ’ ಅಂತ ಒಂದು ಅರ್ಜಿ. ಬಂದ ಮ್ಯಾಲೆ ‘ರದ್ದು ಮಾಡ್ರಿ’ ಅಂತ ಇನ್ನೊಂದು.

ಸೋತೆನೆನ್ನಲು ಮಾರೆಣ್ಣನಿಗೆ ಮನಸ್ಸಿಲ್ಲ. “ಹಂಗಾದ್ರ ಎರಡೂ ಬರೀರಿ!” ಎಂದ.

ಚಿದಾನಂದಪ್ಪ: ಬರೀತೀನಿ. ಮೊದಲನೇದರ ಸಂಗಡ ‘ಈ ಕೂಲಿಯವಗ ಜಡ್ಡು ಐತಿ’ ಅಂತ ಡಾಕ್ಟರ ಚೀಟಿ ಹಚ್ಚಬೇಕು ನೋಡು.

ಮಾರೆಣ್ಣನ ಮುಖ ಸುಣ್ಣವಾಯಿತು. ಹಂಪಮ್ಮ ಆಗಲೇ ಎದ್ದು ಸೆರಗು ಬಿಗಿದಿದ್ದಳು.

ಹಂಪಮ್ಮ: ಏಳ್ರಿ, ದವಾಖಾನಿ ಮುಚ್ಚೋದ್ರಾಗ ಹೋಗೂಣು. ಕೆಮ್ಮು ನಿಂತ್ರ ಮೂರನೇ ಕಾರಣನೂ ಹೇಳೀರಂತ!